ಹಗ್ಗದ ಈಚೆ ನಿಂತ ಕೀರ್ತಿಕುಮಾರ್

ಮಾದಾಪುರದ ಶಾಲಾ ಮೈದಾನದಲ್ಲಿ ಇನ್ನೂ ಮಂಜು ಕರಗಿಲ್ಲ. ಆಚೆ ಬದಿಯ ಗೋಲುಕಂಬ ಕಾಣುತ್ತಿಲ್ಲ, ಆದರೆ ಕೀರ್ತಿಕುಮಾರ್ ಅವರ ಗಂಟಲು ಮಾತ್ರ ರಸ್ತೆಯವರೆಗೂ ಕೇಳುತ್ತಿದೆ. "ಸೊಂಟ ಇಳ್ಸಿ! ತಲೆ ಮೇಲೆ! ಹರ್ಷಿತಾ, ತಲೆ ಮೇಲೆ ಅಂದೆ, ನೆಲದಲ್ಲಿ ಏನ್ ಹುಡುಕ್ತಾ ಇದ್ದೀಯ?" ಹೀಗೆ ಕೂಗುತ್ತಲೇ ಎರಡು ಸಿಲ್ವರ್ ಓಕ್ ಮರಗಳ ನಡುವೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ತಿರುಗುತ್ತಿದ್ದಾರೆ. ಮರಗಳಿಗೆ ಮೊಣಕಾಲೆತ್ತರದಲ್ಲಿ ಒಂದು ನೈಲಾನ್ ಹಗ್ಗ ಕಟ್ಟಿದೆ. ಅದರ ಉದ್ದಕ್ಕೂ ಹುಲ್ಲು ಸತ್ತು ಕೆಂಪು ಮಣ್ಣು ಎದ್ದಿದೆ. ಅದು ಅವರು ತುಳಿದು ತುಳಿದು ಮಾಡಿದ ದಾರಿ.

ಹಗ್ಗ ದಾಟುವ ಹಾಗಿಲ್ಲ. ಹೆಂಡತಿ ಕಾವ್ಯಶ್ರೀ ಅವರ ಅಪ್ಪಣೆ. ಅವರು ಮೈದಾನದ ಅಂಚಿಗೆ ನಿಂತ ಜೀಪಿನಲ್ಲಿ, ಕಾಫಿ ಫ್ಲಾಸ್ಕ್ ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತಿದ್ದಾರೆ. "ಇವ್ರನ್ನ ನಂಬಂಗಿಲ್ಲ ಕಣ್ರೀ," ಎನ್ನುತ್ತಾರೆ. "ಕುತ್ತಿಗೆಗೆ ಇನ್ನೊಂದು ಪೆಟ್ಟು ಬಿದ್ರೆ ಎಡಗೈ ಆಸೆ ಬಿಟ್ಬಿಡಿ ಅಂತ ಡಾಕ್ಟ್ರು ಹೇಳಿದ್ದಾರೆ. ಆದ್ರೂ ಹೋದ ಮಳೆಗಾಲದಲ್ಲಿ ಹುಡುಗೀರಿಗೆ ತೋರಿಸ್ತೀನಿ ಅಂತ ತಲೆ ಕೊಟ್ರು. ಆಮೇಲೆ ಊಟದ ತಟ್ಟೆ ಹಿಡಿಯಕ್ಕೂ ಆಗ್ಲಿಲ್ಲ. ಅವತ್ತೇ ಹೇಳ್ದೆ, ಈ ಹಗ್ಗ ದಾಟಿದ ದಿನ ಆಟ ಬಂದ್. ಗ್ರೌಂಡ್ ಕಡೆ ತಲೆ ಹಾಕಿಯೂ ಮಲಗಂಗಿಲ್ಲ." ಕೀರ್ತಿಕುಮಾರ್ ಒಪ್ಪಿದ್ದಾರೆ. ಒಪ್ಪದೆ ಏನು ಮಾಡುತ್ತಾರೆ ಪಾಪ! ಎಸ್ಟೇಟಿಗೆ ಆಳುಗಳನ್ನು ಸಾಗಿಸುವ ಆ ಜೀಪೇ ಮನೆಯ ಅನ್ನ, ಸ್ಟಿಯರಿಂಗ್ ಹಿಡಿಯಲು ಎರಡೂ ಕೈ ಬೇಕು.

ಆಟ ಯಾವುದು ಎಂದಿರಾ? ರಗ್ಬಿ. ಹೌದು, ಮಗು ಎದ್ದು ನಿಂತರೆ ಸಾಕು ಕೈಗೆ ಹಾಕಿ ಕೋಲು ಕೊಡುವ ಕೊಡಗಿನಲ್ಲಿ ರಗ್ಬಿ. ಇವರ ಮೊಟ್ಟೆಯಾಕಾರದ ಚೆಂಡಿಗೆ ಮಾದಾಪುರ ಪೇಟೆ ಇಟ್ಟಿರುವ ಹೆಸರು ಪಪ್ಪಾಯಿ. ಸೇನೆಯ ತಂಡದಲ್ಲಿ ವರ್ಷಗಟ್ಟಲೆ ಆಡಿ, ಪಿಂಚಣಿಗೆ ಬಂದ ಮೇಲೆ ಶ್ರೀಲಂಕಾದ ಕ್ಲಬ್ಬೊಂದಕ್ಕೆ ಸಂಬಳದ ಮೇಲೆ ಆಡಿ ಬಂದ ಮನುಷ್ಯನನ್ನು ಇಲ್ಲಿ ಯಾರೂ ಆಟಗಾರ ಎಂದು ಕರೆದಿಲ್ಲ. "ಪಪ್ಪಾಯಿ ಹಿಡ್ಕೊಂಡು ಓಡಿದ್ದಕ್ಕೆ ಸಂಬಳ ಕೊಟ್ರು ಅಂದ್ರೆ ನಮ್ಮಪ್ಪನೇ ನಂಬ್ಲಿಲ್ಲ," ಎಂದು ಕೀರ್ತಿಕುಮಾರ್ ನಗುತ್ತಾರೆ. "ಅಲ್ಲಿ ಟೀ ಎಸ್ಟೇಟಲ್ಲಿ ಲೆಕ್ಕ ಬರೆಯೋ ರೈಟರ್ ಆಗಿದ್ದ ಅಂತ್ಲೇ ನೆಂಟರಿಗೆಲ್ಲ ಹೇಳ್ಕೊಂಡು ಬಂದವ್ರೆ. ಈಗ್ಲೂ ಅದೇ ಹೇಳ್ತಾರೆ."

ಅಪ್ಪ ನಂಜಪ್ಪ ಒಂದಿಷ್ಟು ಕಾಫಿ, ಒಂದಿಷ್ಟು ಮೆಣಸು ಇಟ್ಟುಕೊಂಡವರು. ಮಗ ಎಲ್ಲ ಹುಡುಗರಂತೆ ಹಾಕಿ ಆಡಿಯೇ ಬೆಳೆದ. ಕಲಿಸಿದವರು ಶಾಲೆಯ ದೈಹಿಕ ಶಿಕ್ಷಕ ಬೆಳ್ಯಪ್ಪ. ಆ ಮೇಷ್ಟ್ರದ್ದು ಒಂದೇ ಹಟ: ಚೆಂಡು ಕಾಲಿಗೆ ತಾಗಿದರೆ ಹಾಕಿಯಲ್ಲಿ ತಪ್ಪು, ಆ ತಪ್ಪನ್ನು ಅಂಪೈರ್ ಹಿಡಿಯುವ ಮುಂಚೆ ನೀನೇ ನಿಂತು ಕೈ ಎತ್ತಬೇಕು. ನೋಡಿಲ್ಲ ಎಂದು ಓಡಿದವನಿಗೆ ಆ ದಿನ ಆಟವಿಲ್ಲ. ಈಗ ಮುಪ್ಪಾಗಿರುವ ಬೆಳ್ಯಪ್ಪ ದಿನಾ ಬೆಳಿಗ್ಗೆ ಮೈದಾನದ ಕಟ್ಟೆ ಮೇಲೆ ಕೂತು ರಗ್ಬಿ ನೋಡುತ್ತಾರೆ, ನೋಡಿ ಬೈಯುತ್ತಾರೆ. "ಇದೂ ಒಂದು ಆಟವಾ ಕೀರ್ತಿ? ಚೆಂಡಿಗಿಂತ ಮನುಷ್ಯರನ್ನೇ ಜಾಸ್ತಿ ಹಿಡಿತೀರಲ್ಲ!"

ಸೇನೆಗೆ ಸೇರಿದ ಕೀರ್ತಿಕುಮಾರ್ ಹಾಕಿ ತಂಡಕ್ಕೆ ಆಯ್ಕೆಯಾಗಲಿಲ್ಲ. ಭುಜ ಬಾಗಿಲಗಲ, ಓಟ ಮಾತ್ರ ನಿಧಾನ. ಭುಜ ಕಂಡ ಸುಬೇದಾರರೊಬ್ಬರು ರಗ್ಬಿಗೆ ಎಳೆದುಕೊಂಡರು. ಮೊದಲ ಪಂದ್ಯದಲ್ಲೇ ಮಾನ ಹೋಯಿತು. ಚೆಂಡು ಪುಟಿದು ಇವರ ಪಾದಕ್ಕೆ ಬಡಿಯಿತು. ರಗ್ಬಿಯಲ್ಲಿ ಅದು ತಪ್ಪೇ ಅಲ್ಲ, ಎತ್ತಿಕೊಂಡು ಓಡಬಹುದು. ಇವರು ಮಾಡಿದ್ದೇನು? ಗಕ್ಕನೆ ನಿಂತು, ಬೆಳ್ಯಪ್ಪ ಮೇಷ್ಟ್ರ ಮುಂದೆ ನಿಂತಂತೆ ಬಲಗೈ ಎತ್ತಿದರು. ಎದುರಾಳಿ ಅವರ ಕಾಲಬುಡದಿಂದಲೇ ಚೆಂಡು ಎತ್ತಿಕೊಂಡು ಹೋಗಿ ಗೆರೆಯಾಚೆ ಊರಿ ಅಂಕ ಗಿಟ್ಟಿಸಿದ. "ಇಡೀ ಟೀಮು ನನ್ನೇ ನೋಡ್ತು. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು ಸಾರ್. ಆ ಕೈ ಇಳ್ಸೋದು ಕಲಿಯಕ್ಕೇ ನಂಗೆ ಒಂದು ವರ್ಷ ಹಿಡೀತು."

ಕಲಿತರು. ಸ್ಕ್ರಮ್‌ನಲ್ಲಿ, ಅಂದರೆ ಎರಡು ತಂಡದವರು ಬಾಗಿ ಭುಜಕ್ಕೆ ಭುಜ ಕೊಟ್ಟು ತಳ್ಳುವ ಗುಂಪಿನಲ್ಲಿ, ಇವರು ಮುಂದಿನ ಸಾಲು. ಹಿಂದಿನವರ ಭಾರವೆಲ್ಲ ಮುಂದಿನವರ ಕುತ್ತಿಗೆಗೆ. ಶ್ರೀಲಂಕಾದಲ್ಲಿ ಆಡಿದ ಎರಡನೇ ಸೀಸನ್ನಿನಲ್ಲಿ ಆ ಗುಂಪು ಕುಸಿಯಿತು. ಇವರ ತಲೆ ಕೆಳಗಿತ್ತು. ಆಸ್ಪತ್ರೆಯಿಂದ ಎದ್ದು ಬಂದಾಗ ಎಡಗೈ ಭುಜದ ಮಟ್ಟಕ್ಕಿಂತ ಮೇಲೆ ಏಳಲೇ ಇಲ್ಲ. ಊರಿಗೆ ಬಂದರು, ಜೀಪು ಕೊಂಡರು. ಆದರೆ ಕಾಲಿಗೆ ಚಕ್ರ ಕಟ್ಟಿಕೊಂಡವರನ್ನು ಸುಮ್ಮನೆ ಕೂರಿಸುವುದು ಯಾರಿಂದ ಸಾಧ್ಯ! ಎಸ್ಟೇಟ್ ಆಳುಗಳು ಇರುವ ಲೈನಿನ ಮನೆಗಳ, ಪೇಟೆಯ ಹುಡುಗಿಯರನ್ನು ಕೂಡಿಸಿದರು. ಹಳೇ ಜೀಪಿನ ಸೀಟುಗಳನ್ನು ಹಲಗೆಗೆ ಬಿಗಿದು, ಮೇಲೆ ಮರಳು ತುಂಬಿದ ಕಾಫಿ ಚೀಲ ಹೇರಿ, ತಳ್ಳಿ ಕಲಿಯಲು ಬಂಡಿಯೊಂದನ್ನು ಮಾಡಿದರು. ಬೆಳಕು ಹರಿಯುವಾಗ ಅಭ್ಯಾಸ, ಅದು ಮುಗಿದ ಕೂಡಲೇ ಲೈನಿನಿಂದ ಎಸ್ಟೇಟಿಗೆ ಆಳುಗಳ ಟ್ರಿಪ್ಪು.

ಭಾನುವಾರ ಮೈಸೂರಿನ ಕಾಲೇಜೊಂದರ ಹುಡುಗಿಯರು ಸ್ನೇಹ ಪಂದ್ಯಕ್ಕೆ ಬಂದಿದ್ದಾರೆ. ಮಾದಾಪುರದ ಹುಡುಗಿಯರಿಗೆ ಇದು ಮೊದಲ ಪಂದ್ಯ. ಕಟ್ಟೆ ತುಂಬ ಜನ, ಎಲ್ಲರೂ ಹಾಕಿಯವರೇ. ಕೀರ್ತಿಕುಮಾರ್ ಬೆಳಗಿನ ತಿಂಡಿ ಮುಟ್ಟಿಲ್ಲ. ಹಗ್ಗದ ಗುಂಟ ಓಡಾಡುತ್ತಾರೆ, ಸೀಟಿಯ ದಾರ ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ, ಮತ್ತೆ ಸುತ್ತುತ್ತಾರೆ. "ರೀ, ತಲೆ ತಿರುಗುತ್ತೆ ನಿಮ್ಮನ್ನ ನೋಡಿದ್ರೆ, ನಿಂತ್ಕೊಳ್ಳಿ ಒಂದ್ಕಡೆ!" ಎಂದು ಜೀಪಿನಿಂದ ಗದರಿಕೆ ಬರುತ್ತದೆ. ಯಾರು ಕೇಳುತ್ತಾರೆ?

ಆಟ ಮುಗಿಯುತ್ತ ಬಂದಿದೆ, ಎರಡೂ ಕಡೆ ಅಂಕ ಸಮ. ಸ್ಕ್ರಮ್‌ಗೆ ಸೀಟಿ ಬೀಳುತ್ತದೆ. ಕಾಫಿ ಹಣ್ಣು ಬಿಡಿಸುವ ಪಿಕ್ಕಿಂಗ್ ಕೆಲಸದವರ ಮಗಳು ಹರ್ಷಿತಾ ಮುಂದಿನ ಸಾಲಿನ ನಡುವೆ ಬಾಗುತ್ತಾಳೆ. ಅವಳ ತಲೆ ಕೆಳಗಿಳಿಯುತ್ತದೆ. ಕೀರ್ತಿಕುಮಾರ್ ಅವರ ತಲೆ ಅವತ್ತು ಎಲ್ಲಿತ್ತೋ ಅಲ್ಲಿಗೆ! ಅವರ ಬಲಗಾಲು ಹಗ್ಗದ ಮೇಲೆ ಎದ್ದಿದೆ. ಜೀಪಿನ ಬಾಗಿಲು ತೆರೆದುಕೊಳ್ಳುತ್ತದೆ. ಓಡಿ ಹೋಗಿ ಭುಜ ಕೊಟ್ಟು ಅವಳನ್ನು ಬಿಡಿಸುವುದು ಅವರಿಗೆ ಕಷ್ಟವಲ್ಲ. ಆದರೆ ಆಮೇಲೆ ಕೈಯೂ ಇಲ್ಲ, ಮೈದಾನವೂ ಇಲ್ಲ. ಎತ್ತಿದ ಕಾಲನ್ನು ಹಾಗೇ ಹಿಡಿದು, ಕತ್ತಿನ ನರ ಉಬ್ಬುವಂತೆ ಕಿರುಚುತ್ತಾರೆ: "ತಲೆ ಮೇಲೆ, ಮಗಾ!"

ತಲೆ ಮೇಲೇಳುತ್ತದೆ. ಕಾಲು ಹಗ್ಗದ ಈಚೆಗೇ ಇಳಿಯುತ್ತದೆ. ಸ್ಕ್ರಮ್ ಬಿಚ್ಚಿಕೊಂಡು, ಚೆಂಡು ಹೊರಗೆ ಜಿಗಿದು, ಪುಟಿದು ಹರ್ಷಿತಾಳ ಪಾದಕ್ಕೆ ಬಡಿಯುತ್ತದೆ.

"ಫೂಟ್!" ಇಡೀ ಕಟ್ಟೆ ಒಂದೇ ಬಾಯಿಂದ ಕೂಗುತ್ತದೆ. ಬೆಳ್ಯಪ್ಪ ಮೇಷ್ಟ್ರು ಎದ್ದೇ ನಿಂತಿದ್ದಾರೆ. ಹರ್ಷಿತಾಳ ಬಲಗೈ ತಾನಾಗಿ ಮೇಲೇರುತ್ತದೆ. ಈ ಊರಿನಲ್ಲಿ ಆಡಿ ಬೆಳೆದ ಮಗುವಲ್ಲವೇ, ಏರದೆ ಇರುತ್ತದೆಯೇ! ಕೀರ್ತಿಕುಮಾರ್ ಕಣ್ಣು ಮುಚ್ಚಿಕೊಳ್ಳುತ್ತಾರೆ. ತೆರೆಯುವಷ್ಟರಲ್ಲಿ ಅವಳು ಎತ್ತಿದ ಕೈಯನ್ನು ಹಾಗೇ ಕೆಳಗೆ ತಂದು ಚೆಂಡು ಬಾಚಿಕೊಂಡಿದ್ದಾಳೆ. ಓಡುತ್ತಿದ್ದಾಳೆ. ಕಟ್ಟೆಯವರ ಬೊಬ್ಬೆ ಅವಳಿಗೆ ಕೇಳುತ್ತಿಲ್ಲ. ಗೆರೆಯಾಚೆ ಚೆಂಡು ಊರಿ, ಅದರ ಮೇಲೇ ಬೀಳುತ್ತಾಳೆ.

ಕೀರ್ತಿಕುಮಾರ್ ಅವರ ಎರಡೂ ಕೈ ಎದ್ದಿವೆ. ಎಡಗೈ ಭುಜದ ಮಟ್ಟಕ್ಕೆ ಬಂದು ನಿಂತುಬಿಟ್ಟಿದೆ. ಜೀಪಿನಿಂದ ಇಳಿದು ಬಂದ ಕಾವ್ಯಶ್ರೀ ಮೊದಲು ಅವರ ಪಾದ ಎಲ್ಲಿದೆ ಎಂದು ನೋಡುತ್ತಾರೆ. ಹಗ್ಗದ ಈಚೆಗಿದೆ. ಗಂಡನ ಎಡಗೈಯ ಮೊಣಕೈ ಕೆಳಗೆ ತಮ್ಮ ಅಂಗೈ ಕೊಟ್ಟು, ನೋಯದಷ್ಟು ಮೇಲಕ್ಕೆತ್ತಿ ಹಿಡಿಯುತ್ತಾರೆ.

ಎಲ್ಲ ಮುಗಿದ ಮೇಲೆ ಜೀಪಿನ ಹತ್ತಿರ ಕೀರ್ತಿಕುಮಾರ್ ಅವರನ್ನು ಮಾತಾಡಿಸಿದರೆ ಅಲ್ಲೂ ನಿಂತಲ್ಲಿ ನಿಲ್ಲುವುದಿಲ್ಲ. ಟೈರು ಒದ್ದು ನೋಡುತ್ತಾರೆ, ಕನ್ನಡಿ ಒರೆಸುತ್ತಾರೆ. ಕಣ್ಣು ಮಾತ್ರ ಮೈದಾನದ ಕಡೆಗೇ ಇದೆ. ಅಲ್ಲಿ ಬೆಳ್ಯಪ್ಪ ಮೇಷ್ಟ್ರು ಹರ್ಷಿತಾಳನ್ನು ನಿಲ್ಲಿಸಿಕೊಂಡು ಪಪ್ಪಾಯಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

"ನಾನೂ ಅವತ್ತು ಕೈ ಎತ್ದೆ, ನಿಂತ್ಬಿಟ್ಟೆ," ಎನ್ನುತ್ತಾರೆ ಕೀರ್ತಿಕುಮಾರ್. "ಇವಳೂ ಎತ್ತಿದ್ಲು. ಆದ್ರೆ ನಿಲ್ಲಲಿಲ್ಲ ಸಾರ್. ನಂಗೆ ಅಷ್ಟೇ ಬೇಕಾಗಿತ್ತು."