ಬಾಯಿಪಾಠದ ಗೈಡು

ಗೈಡ್ ಪರೀಕ್ಷೆಯಲ್ಲಿ ಮೊದಲ ಸಲ ನಾನು ಫೇಲಾದದ್ದು ಇಂಗ್ಲಿಷ್ ಬಾರದೆ ಅಲ್ಲ, ಬಾಯಿಪಾಠ ಜಾಸ್ತಿಯಾಗಿ. ನಮ್ಮ ಹಂಪಿಯಲ್ಲಿ ಎಷ್ಟೋ ಗೈಡುಗಳು ತಯಾರಾಗುವುದೇ ಹಾಗೆ. ನನ್ನ ಸೋದರಮಾವ ಹಳೆಯ ಗೈಡು. ಅವರ ಹಿಂದೆ ಎರಡು ವರ್ಷ ಗುಡಿ ಸುತ್ತಿ, ಅವರು ಪ್ರವಾಸಿಗಳಿಗೆ ಹೇಳುವ ಇಂಗ್ಲಿಷನ್ನು ಕೆಮ್ಮಿನ ಸಮೇತ ಕಲಿತೆ. ಜನ ನಗಲಿ ಎಂದು ಅವರು ನಿಲ್ಲುವ ಕಡೆ ನಾನೂ ನಿಲ್ಲುತ್ತಿದ್ದೆ. ಜೋಕೇನೆಂದು ಇವತ್ತಿಗೂ ಗೊತ್ತಿಲ್ಲ. ತೊಂದರೆ ಒಂದೇ: ನಡುವೆ ಯಾರಾದರೂ ಪ್ರಶ್ನೆ ಕೇಳಿದರೆ ಮತ್ತೆ ‘ವೆಲ್‌ಕಮ್ ಟು ಹಂಪಿ’ಯಿಂದ ಶುರು ಮಾಡಬೇಕು. ಪರೀಕ್ಷಕರು ಮೂರು ಸಲ ಕೇಳಿದರು, ನಾನು ಮೂರು ಸಲ ಸ್ವಾಗತಿಸಿದೆ. ಆಮೇಲೆ ಅವರೇ ಕೈಮುಗಿದರು.

ಬ್ಯಾಡ್ಜ್ ಇಲ್ಲದೆ ಹಂಪಿ ಬಜಾರಿನಲ್ಲಿ ಮ್ಯಾಪ್ ಮಾರುತ್ತ ನಿಂತ ಆ ವರ್ಷ ನನಗೆ ಮೈಯೆಲ್ಲ ಉರಿ. ಇನ್ನೊಂದೇ ಅವಕಾಶ ಉಳಿದಿತ್ತು. ಅದೂ ಕೈತಪ್ಪಿದರೆ ಜೀವನಪೂರ್ತಿ ಮ್ಯಾಪೇ ಗತಿ.

ಟಿ.ಬಿ. ಡ್ಯಾಂ ಕ್ವಾರ್ಟರ್ಸಿನ ಹತ್ತಿರ ನಿವೃತ್ತ ಇಂಗ್ಲಿಷ್ ಟೀಚರ್ ಒಬ್ಬರಿದ್ದರು. ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಅವರ ಅಡುಗೆಮನೆಯಲ್ಲಿ ಕೂರುತ್ತಿದ್ದೆ. ನಾನು ಪುಸ್ತಕ ತೆಗೆದರೆ ಕಸಿದಿಡುತ್ತಿದ್ದರು.

“ಓದಬ್ಯಾಡ. ಕಣ್ಣಿಗೆ ಬಿದ್ದಿದ್ದನ್ನ ನೋಡು. ಅದಕ್ಕ ಏನ್ ಆಗೈತಿ, ಮೊದಲು ಅದನ್ನ ಹೇಳು. ಉಳಿದಿದ್ದು ಆಮ್ಯಾಲ.”

ನೆನೆಸಿಟ್ಟ ಅಕ್ಕಿ, ಹುರಿದ ಶೇಂಗಾ, ಹಿಡಿ ಮುರಿದ ಸೌಟು. ‘ಸೋಕ್ಡ್ ಇನ್ ವಾಟರ್, ದ ರೈಸ್ ಈಸ್ ಸಾಫ್ಟ್.’ ‘ರೋಸ್ಟೆಡ್ ಟೂ ಲಾಂಗ್, ದ ಪೀನಟ್ಸ್ ಆರ್ ಬ್ಲ್ಯಾಕ್.’ ಮಾಡಿದವರ ಹೆಸರು ಬೇಕಿಲ್ಲ, ಆದದ್ದನ್ನು ಹೇಳಿದರೆ ಸಾಕು. ಇದಕ್ಕೆ ಪಾಸ್ಟ್ ಪಾರ್ಟಿಸಿಪಲ್ ಎನ್ನುತ್ತಾರೆಂದು ಅವರು ಬಾಯಿಬಿಟ್ಟದ್ದು ತಿಂಗಳ ಮೇಲೆ. ಕನ್ನಡದಲ್ಲಿ ದಿನವಿಡೀ ಆಡುವ ಮಾತಿಗೆ ಅಷ್ಟು ದೊಡ್ಡ ಹೆಸರೇ ಎಂದು ನಕ್ಕೆ. ಒಂದು ದಿನ ಮಾತ್ರ ಸಿಟ್ಟು ನೆತ್ತಿಗೇರಿತು.

“ಗುಡಿ ತೋರ್ಸಾಕ ಶೇಂಗಾ ಯಾಕ್ರಿ ಟೀಚರ್?”

“ಶೇಂಗಾದ ಮ್ಯಾಲ ನಿನ್ನ ಮಾಮನ ಪಾಠ ಇಲ್ಲಲ್ಲವ್ವಾ, ಅದಕ್ಕ.”

ಎರಡನೆಯ ಸಲವೂ ಅದೇ ಪರೀಕ್ಷಕರು. ಅವರಿಗೆ ಗುಡಿ ತೋರಿಸುವುದೇ ಪರೀಕ್ಷೆ. ಗುಡಿ ತಲುಪುವ ಮೊದಲೇ ದಾರಿಯ ಬಂಡೆಯೊಂದನ್ನು ತೋರಿಸಿ ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಬಂಡೆಯ ಮೇಲೆ ಉಳಿಯಿಂದ ಕೊರೆದ ತೂತುಗಳ ಸಾಲು. ಹಿಂದಿನವರು ಅಂಥ ತೂತುಗಳಿಗೆ ಬೆಣೆ ಬಡಿದು ಕಲ್ಲು ಸೀಳುತ್ತಿದ್ದರು ಎಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಆದರೆ ಮಾವನ ಪಾಠದಲ್ಲಿ ಬಂಡೆಯೇ ಇರಲಿಲ್ಲ. ನಾಲಿಗೆ ‘ವೆಲ್‌ಕಮ್’ ಎಂದು ಎದ್ದೇಬಿಟ್ಟಿತು. ಹಲ್ಲಿನಡಿ ಕಚ್ಚಿ ಹಿಡಿದೆ. ಬಂಡೆಯನ್ನು ನೋಡಿದೆ.

“ಮಾರ್ಕ್ಡ್ ವಿತ್ ಹೋಲ್ಸ್ ಬಟ್ ನೆವರ್ ಸ್ಪ್ಲಿಟ್, ದಿಸ್ ಸ್ಟೋನ್ ಈಸ್ ಸ್ಟಿಲ್ ವೇಟಿಂಗ್, ಸರ್.”

ಸೀಳಲೆಂದು ತೂತು ಕೊರೆದರು, ಆದರೆ ಸೀಳಲೇ ಇಲ್ಲ. ಕಲ್ಲು ಇನ್ನೂ ಕಾಯುತ್ತಿದೆ ಎಂದರ್ಥ. ಪರೀಕ್ಷಕರು ಒಂದು ತೂತಿನೊಳಗೆ ಬೆರಳಿಟ್ಟು ನೋಡಿದರು. ಆಮೇಲೆ ಕನ್ನಡಕ್ಕೆ ಇಳಿದರು.

“ಇದನ್ನ ಯಾರು ಹೇಳಿಕೊಟ್ರು?”

“ಯಾರೂ ಇಲ್ರಿ ಸರ್. ಈಗ ನೋಡಿದೆ, ಈಗ ಹೇಳಿದೆ.”

ಅಷ್ಟು ಹೆಮ್ಮೆ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ. “ಸಾಕ್ರಿ, ಪಾಸ್,” ಎಂದು ಅವರು ಹಾಳೆ ಮಡಚಿದರು. ಸಾಕಂತೆ!

“ಗುಡಿ ಇನ್ನೂ ಮುಂದೈತ್ರಿ ಸರ್, ಬರ್ರಿ,” ಎಂದು ಬಿರಬಿರನೆ ನಡೆದೆ. ಪರೀಕ್ಷಕರು ನನ್ನ ಹಿಂದೆ ಬಂದರು.