ಗಿಡ್ಡಯ್ಯನ ಪಾಯಿಂಟಿನಲ್ಲಿ ಹೀಲಿಯಂ

ಆಲೂರು ಸೀಮೆಯಲ್ಲಿ ನೆಲದೊಳಗಿನ ನೀರು ನೋಡುವವರು ಬೇಕಾದಷ್ಟು ಜನ ಇದ್ದರು. ಆದರೆ ಬಾಳ್ಳುಪೇಟೆ ಹತ್ತಿರದ ಗಿಡ್ಡಯ್ಯನ ಗಮ್ಮತ್ತೇ ಬೇರೆ. ಹೊಂಗೆಯ ಕವಲುಕಡ್ಡಿ ಹಿಡಿದು ಅವನು ಬಸ್ ಸ್ಟ್ಯಾಂಡಿನಲ್ಲಿ ಸುಮ್ಮನೆ ನಿಂತರೂ ಸಾಕು, ಕಡ್ಡಿ ಹೋಟೆಲಿನ ಹಂಡೆಯ ಕಡೆಗೆ ತಿರುಗಿ, ಒಳಗೆ ಕುಳಿತವರ ಲೋಟಗಳು ತುಳುಕುತ್ತಿದ್ದವು. ಹೆಸರಿಗಷ್ಟೇ ಗಿಡ್ಡಯ್ಯ. ಬಸ್ಸಿನೊಳಗೆ ಅವನು ನೆಟ್ಟಗೆ ನಿಂತದ್ದನ್ನು ಕಂಡವರಿಲ್ಲ. ಮುನ್ನೂರ ಹನ್ನೊಂದು ಜಮೀನಿನಲ್ಲಿ ಪಾಯಿಂಟ್ ಹಾಕಿದ್ದ. ಮುನ್ನೂರ ಹತ್ತರಲ್ಲಿ ನೀರು ಬಂದಿತ್ತು. ಉಳಿದ ಒಂದು ಅವನ ಸ್ವಂತ ಮಗಳ ಮನೆಯದು.

ಗಿಡ್ಡಯ್ಯನಿಗೆ ಒಂದು ನೇಮವಿತ್ತು. ಯಾರ ಜಮೀನಿನಲ್ಲಿ ಪಾಯಿಂಟ್ ಹಾಕಿದನೋ, ಆ ಪಾಯಿಂಟಿನ ನೀರು ಮೇಲೆ ಬರುವ ತನಕ ಅವರ ಮನೆಯಲ್ಲಿ ಹನಿ ನೀರನ್ನೂ ಮುಟ್ಟುವಂತಿಲ್ಲ. ಬಂದ ಮೊದಲ ನೀರನ್ನು ಮನೆಯ ಹೆಂಗಸು ಲೋಟದಲ್ಲಿ ತಂದು ಕೊಡಬೇಕು, ಅದನ್ನು ಕುಡಿದ ಮೇಲೆಯೇ ಕಾಫಿ, ಊಟ ಎಲ್ಲ. ಅವನಿಗೆ ವಿದ್ಯೆ ಕಲಿಸಿದ ಮುದುಕ ಹಾಕಿಕೊಟ್ಟ ಕಟ್ಟಳೆ ಇದು. ಸಾಧಾರಣವಾಗಿ ಎರಡು ದಿನದಲ್ಲಿ ತೀರುವ ಉಪವಾಸ. ಬೋರ್ ಲಾರಿ ಕೆಟ್ಟು ನಿಂತರೆ ಒಂದು ವಾರ.

ಮಗಳು ಪಂಕಜಾಕ್ಷಿಯನ್ನು ಮಾರನಹಳ್ಳಿ ಕಡೆಯ ಧರ್ಮನಿಗೆ ಕೊಟ್ಟು ಮದುವೆ ಮಾಡಿ ವರ್ಷವಾಗಿತ್ತು. ಅಳಿಯನಿಗೆ ನಾಲ್ಕು ಎಕರೆ ಕಾಫಿ ತೋಟ. ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳೂ ಕೊಡೆ ಹಿಡಿಯುತ್ತವೆ, ನಿಜ. ಆದರೆ ಕಾಫಿ ಹೂವಿಗೆ ನೀರು ಬೇಕಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಆಗ ಹೂಮಳೆ ಬರದಿದ್ದರೆ ಸ್ಪ್ರಿಂಕ್ಲರ್ ಹೊಡೆಯಬೇಕು. ಹೀಗಾಗಿ ತೊಂಬತ್ತೇಳರ ಫೆಬ್ರವರಿಯಲ್ಲಿ ಗಿಡ್ಡಯ್ಯ ಅಳಿಯನ ತೋಟವನ್ನೆಲ್ಲ ತಿರುಗಿ, ನೆರಳಿಗೆ ಬೆಳೆಸಿದ ಒಂದು ಸಿಲ್ವರ್ ಮರದ ಬುಡದಲ್ಲಿ ಕಡ್ಡಿ ಕೈಯಿಂದ ಕಿತ್ತುಕೊಂಡು ಹೋಗುವಷ್ಟು ತಿರುಗಿದ್ದನ್ನು ಕಂಡು, ಅಲ್ಲೇ ಕಲ್ಲು ನೆಟ್ಟ.

ಬೋರ್ ಲಾರಿ ಬಂತು. ನಾನೂರು ಅಡಿಯವರೆಗೆ ಬರೀ ಧೂಳು. ನಾನೂರ ಹತ್ತರಲ್ಲಿ ಮಣ್ಣು ಹಸಿಯಾಯಿತು. ಗಿಡ್ಡಯ್ಯ ಮೀಸೆ ಮುಟ್ಟಿಕೊಂಡ. ನಾನೂರ ಇಪ್ಪತ್ತರಲ್ಲಿ ಬಾವಿ ಸೀಟಿ ಹೊಡೆಯಿತು. ಸಣ್ಣ ಸೀಟಿಯಲ್ಲ, ರೈಲು ಓಡಾಟವೇ ನಿಂತುಹೋಗಿದ್ದ ಎಡಕುಮೇರಿ ಸ್ಟೇಷನ್ನಿನಲ್ಲಿ ಯಾರೋ ಹಸಿರು ಬಾವುಟ ಹಿಡಿದು ಹೊರಗೆ ಓಡಿಬಂದರಂತೆ. ಧರ್ಮ ಬೆಂಕಿಕಡ್ಡಿ ಗೀರಿ ಬಾವಿಯ ಬಾಯಿಗೆ ಹಿಡಿದ. ಕಡ್ಡಿ ಆರಿತು. ಇನ್ನೊಂದು ಗೀರಿದ. ಅದೂ ಆರಿತು.

"ಮಾವ, ಇದು ಉರಿಯೋ ಗ್ಯಾಸೂ ಅಲ್ಲ, ನೀರೂ ಅಲ್ಲ. ಇನ್ನೇನು ಮಾರಾಯ್ರೇ ಇದು?"

"ಇನ್ನೈವತ್ತಡಿ ಹೊಡೀಲಿ ಕಣೋ. ಗಾಳಿ ಕೆಳ್ಗೇ ನೀರೈತೆ. ಕಡ್ಡಿ ಸುಳ್ಳು ಹೇಳಲ್ಲ."

ಹೊಡೆಯಲು ಯಾರಿದ್ದಾರೆ? ಬೋರಿನವರು ಆಗಲೇ ಪೈಪು ಎತ್ತಿ ಲಾರಿ ಹತ್ತಿದ್ದರು. ಧರ್ಮನ ತಾಯಿ ಹುಲಿಯಮ್ಮ ಜಗಲಿಯಿಂದಲೇ ತೀರ್ಪು ಕೊಟ್ಟರು. "ನೀರು ತೋರ್ಸಿ ಅಂದ್ರೆ ನಮ್ ಬೀಗ್ರು ಸೀಟಿ ತೋರ್ಸ್ಬುಟ್ರಲ್ಲೇ ಪಂಕಜಾ! ಇದನ್ನ ಒಲೆಗೆ ಹಾಕಾಣ ಅಂದ್ರೆ ಉರಿಯಲ್ಲ, ಗಿಡಕ್ಕೆ ಬಿಡಾಣ ಅಂದ್ರೆ ಹರಿಯಲ್ಲ."

ಆ ದಿನ ಮಧ್ಯಾಹ್ನ ಮಗಳು ಎಲೆ ಹಾಕಿ ಕರೆದಳು. ಗಿಡ್ಡಯ್ಯ ಚಪ್ಪಲಿ ಮೆಟ್ಟಿಕೊಂಡು ಬಸ್ಸಿಗೆ ಹೊರಟ. ಎರಡು ದಿನ ಬಿಟ್ಟು ಬಂದು ಉಂಡರಾಯಿತು ಎಂದುಕೊಂಡಿದ್ದ.

ಸೀಟಿಯ ಸುದ್ದಿ ತಾಲೂಕು ಕಚೇರಿಗೆ ಹೋಗಿ, ಅಲ್ಲಿಂದ ಯಾವುದೋ ಇಲಾಖೆಗೆ ಹತ್ತಿ, ಒಂದು ತಿಂಗಳಿಗೆ ಮೋಹನ್ ಎಂಬ ಎಳೆ ವಯಸ್ಸಿನ ಭೂವಿಜ್ಞಾನಿ ಜೀಪಿನಲ್ಲಿ ಬಂದಿಳಿದರು. ಗಾಜಿನ ಬಾಟಲಿಗಳಲ್ಲಿ ಗಾಳಿ ಹಿಡಿದುಕೊಂಡು ಹೋದರು. ಮತ್ತೆ ಬಂದಾಗ ಅವರ ಮುಖ ಲಾಟರಿ ಹೊಡೆದವರ ಹಾಗಿತ್ತು.

"ಗಿಡ್ಡಯ್ಯನವರೇ, ಇದರಲ್ಲಿ ನೂರಕ್ಕೆ ಎರಡು ಪಾಲು ಹೀಲಿಯಂ ಇದೆ! ಆಸ್ಪತ್ರೆಯ ದೊಡ್ಡ ಸ್ಕ್ಯಾನಿಂಗ್ ಯಂತ್ರ ತಣ್ಣಗಿಡಲು ಇದೇ ಬೇಕು, ರಾಕೆಟ್ಟಿಗೂ ಬೇಕು. ನಾವು ಹೊರದೇಶದಿಂದ ತರಿಸುತ್ತಿದ್ದೇವೆ."

"ಒಳ್ಳೇದು ಸ್ವಾಮಿ. ಕುಡಿಯೋಕೆ ಬರ್ತದಾ?"

"ಇಲ್ಲ."

"ಹಂಗಾದ್ರೆ ತಕ್ಕೊಂಡೋಗಿ. ನಂಗೆ ಕೆಳ್ಗಿನ ನೀರು ಸಾಕು."

ಅದು ಆಗುವುದಿಲ್ಲ ಎಂದರು ಮೋಹನ್. ನಿಕ್ಷೇಪ ಎಷ್ಟಿದೆ, ಎಷ್ಟು ಆಳದಲ್ಲಿದೆ, ತೆಗೆದರೆ ಗಿಟ್ಟುತ್ತದೆಯೇ ಎಂಬುದು ಗೊತ್ತಾಗುವ ತನಕ ಬಾವಿಯನ್ನು ಮುಟ್ಟುವಂತಿಲ್ಲ. ಬಾವಿಯ ಬಾಯಿಗೆ ಉಕ್ಕಿನ ಮುಚ್ಚಳ ಕೂರಿಸಿ, ಬೋಲ್ಟು ಬಿಗಿದು, ಸೀಲು ಹಾಕಿ, ಪಕ್ಕದಲ್ಲೊಂದು ಸಣ್ಣ ನಲ್ಲಿ ಬಿಟ್ಟರು. ಆರು ತಿಂಗಳಲ್ಲಿ ಮುಗಿಯುತ್ತದೆ ಎಂದರು. ಸರ್ಕಾರದ ಆರು ತಿಂಗಳಿಗೆ ಎಷ್ಟು ದಿನ ಎಂದು ಯಾವ ಪಂಚಾಂಗದಲ್ಲೂ ಬರೆದಿಲ್ಲ.

ಹೀಲಿಯಂ ಮೂಸಿದರೆ ದನಿ ಕೋಗಿಲೆಯಾಗುತ್ತದೆ ಎಂದು ಬಾಳ್ಳುಪೇಟೆಯಲ್ಲಿ ಪುಕಾರೆದ್ದು, ಒಂದು ಭಜನಾ ಮಂಡಳಿ ವ್ಯಾನು ಮಾಡಿಕೊಂಡು ಬಂತು. ನೂರಕ್ಕೆ ಎರಡು ಪಾಲು ಯಾವ ಕಂಠಕ್ಕೆ ಸಾಕು? ದನಿಗಳು ಮೊದಲಿನಷ್ಟೇ ಕೆಟ್ಟದಾಗಿ ಉಳಿದವು. ಅದೂ ಗಿಡ್ಡಯ್ಯನ ತಪ್ಪೆಂದೇ ಆಯಿತು.

ಪ್ರತಿ ತಿಂಗಳ ಒಂದನೇ ತಾರೀಖು ಆ ನಲ್ಲಿಯಿಂದ ಗಾಳಿ ಹಿಡಿದು ಕಳಿಸುವ ಕೆಲಸವನ್ನು ಗಿಡ್ಡಯ್ಯ ತಾನೇ ಕೇಳಿ ವಹಿಸಿಕೊಂಡ. ಪರೀಕ್ಷೆ ಬೇಗ ಮುಗಿದಷ್ಟೂ ಮುಚ್ಚಳ ಬೇಗ ಏಳುತ್ತದೆ, ಮಗಳ ಮನೆಯಲ್ಲಿ ಬೇಗ ಕೂತು ಉಣ್ಣಬಹುದು ಎಂಬುದು ಲೆಕ್ಕ. ಬಸ್ಸಿನಲ್ಲಿ ಬರುವಾಗ ತನ್ನ ಮನೆಯಿಂದ ನೀರಿನ ಬಾಟಲಿ ತರುತ್ತಿದ್ದ. ಜಗಲಿಯಲ್ಲಿ ಕುಳಿತು ಅದನ್ನು ಕುಡಿಯುತ್ತಿದ್ದ. ಒಳಗೆ ಮಗಳು ಮೀನು ಹುರಿಯುವ ವಾಸನೆ ಬಂದರೆ ಮುಖವನ್ನು ತೋಟದ ಕಡೆ ತಿರುಗಿಸುತ್ತಿದ್ದ.

"ಅಪ್ಪ, ಒಂದು ಗುಟುಕು ಕಾಫಿ ಕುಡುದ್ರೆ ಭೂಮಿ ಬಾಯ್ಬಿಡ್ತದಾ?"

"ಬಾಯ್ಬಿಟ್ಟಿದ್ದಕ್ಕೇ ಮುಚ್ಚಳ ಹಾಕವ್ರಲ್ಲವ್ವಾ."

ಮೋಹನ್ ಕೊಟ್ಟಿದ್ದ ಹನ್ನೆರಡು ಗಾಜಿನ ಬಾಟಲಿ, ಸಲಕ್ಕೆ ಮೂರರಂತೆ, ನಾಲ್ಕು ತಿಂಗಳಿಗೆ ಮುಗಿದವು. ಹೊಸ ಬಾಟಲಿ ಕಳಿಸಿ ಎಂದು ಕಾಗದ ಬರೆಸಿದ. ಬರಲಿಲ್ಲ. ಮತ್ತೆ ಬರೆಸಿದ. ಬಾಟಲಿಗೆ ಯಾವ ನಮೂನೆಯಲ್ಲಿ ಬರೆಯಬೇಕು ಎಂಬ ಕಾಗದ ಬಂತು. ಸುಮ್ಮನೆ ಕೂರುವ ಜಾತಿಯಲ್ಲ ಗಿಡ್ಡಯ್ಯ. ಹೆದ್ದಾರಿ ಬದಿಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ರಾಮಯ್ಯನಿಂದ ಲಾರಿ ಟ್ಯೂಬುಗಳನ್ನು ತಂದ. ತೂತಿಲ್ಲವೆಂದು ಒಂದೊಂದನ್ನೂ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ನೋಡಿ, ನಲ್ಲಿಗೆ ಸಿಕ್ಕಿಸಿ ಗಾಳಿ ತುಂಬಿ, ಹುರಿ ಕಟ್ಟಿ, ವಿಳಾಸದ ಚೀಟಿ ಅಂಟಿಸಿ, ಬೆಂಗಳೂರಿನ ಬಸ್ಸಿನ ಟಾಪಿಗೆ ಏರಿಸಿದ. ಹೀಗೆ ಎರಡು ವರ್ಷ ಒಂದು ತಿಂಗಳೂ ತಪ್ಪದೆ ಟ್ಯೂಬುಗಳು ಬೆಂಗಳೂರಿಗೆ ಹೋದವು. ಸರದಿ ಕಾಯುವ ಟ್ಯೂಬುಗಳಿಂದ ಅಲ್ಲಿನ ಲ್ಯಾಬಿನ ಕಾರಿಡಾರು ದೊಡ್ಡ ಗ್ಯಾರೇಜಿನ ಹಾಗೆ ಕಾಣುತ್ತಿತ್ತಂತೆ. ಬೇರೆ ಆಫೀಸಿನಲ್ಲಿದ್ದ ಮೋಹನ್ ಕೈಗೆ ಸಿಗುತ್ತಿದ್ದದ್ದು ವರದಿ ಮಾತ್ರ.

ವರದಿಗಳು ಬಂದವು. ಮೊದಲು ಎರಡು ಪಾಲಿದ್ದ ಹೀಲಿಯಂ ಒಂದಾಯಿತು, ಅರೆಯಾಯಿತು, ಆಮೇಲೆ ಇಲ್ಲವೇ ಇಲ್ಲ. ನಿಕ್ಷೇಪ ಮಾಯವಾಗುತ್ತಿದೆ, ಕಾರಣ ತಿಳಿಯದು, ಇನ್ನಷ್ಟು ಪರೀಕ್ಷೆ ಆಗಬೇಕು, ಅಲ್ಲಿಯ ತನಕ ಮುಚ್ಚಳ ತೆಗೆಯಕೂಡದು ಎಂದು ಆದೇಶವಾಯಿತು. ಕೊನೆಗೆ ಮೋಹನ್ ತಾವೇ ಬಂದರು. ಗಿಡ್ಡಯ್ಯ ಹೆಮ್ಮೆಯಿಂದ ಆ ತಿಂಗಳ ಟ್ಯೂಬು ಎತ್ತಿ ತೋರಿಸಿದ. ಮೋಹನ್ ತಲೆಯ ಮೇಲೆ ಕೈ ಹೊತ್ತು ಸಿಲ್ವರ್ ಮರದ ಬೇರಿನ ಮೇಲೆ ಕುಳಿತುಬಿಟ್ಟರು.

"ಇದರಲ್ಲೇ ಕಳಿಸಿದ್ದಾ? ಹೀಲಿಯಂ ರಬ್ಬರಿನಲ್ಲಿ ನಿಲ್ಲುವುದಿಲ್ಲ ಗಿಡ್ಡಯ್ಯನವರೇ! ದಿನ ಕಳೆದ ಹಾಗೆ ಸೋರಿಹೋಗುತ್ತದೆ."

"ಹದಿನಾರು ಟನ್ ಹೊತ್ಕೊಂಡು ಶಿರಾಡಿ ಘಾಟಿ ಇಳಿಯೋ ಟ್ಯೂಬು ಸ್ವಾಮಿ ಇದು. ಇದ್ರಲ್ಲಿ ನಿಲ್ಲದ ಗಾಳಿ ಎಂಥಾ ಗಾಳಿ? ಮೊದ್ಲೇ ಒಂದು ಮಾತು ಹೇಳ್ಬಾರ್ದಿತ್ತಾ?"

"ಲಾರಿ ಟ್ಯೂಬಿನಲ್ಲಿ ಕಳಿಸುತ್ತೀರಿ ಎಂದು ನನಗೆ ಕನಸು ಬೀಳಬೇಕಿತ್ತಾ?"

ಹುಲಿಯಮ್ಮ ಒಳಗಿನಿಂದ ಕೂಗಿದರು. "ಎರಡು ವರ್ಸ ತನ್ ಕೈಯಾರೆ ತನ್ ಉಪವಾಸ ಉದ್ದ ಮಾಡ್ಕೊಂಡ್ರು ನೋಡಿ ನಮ್ ಬೀಗ್ರು. ಇಂಥವ್ರು ಸಿಗಬೇಕಂದ್ರೆ ಪುಣ್ಯ ಬೇಕು."

ಎಲ್ಲವೂ ಮೊದಲಿನಿಂದ ಶುರುವಾಯಿತು. ಹೊಸ ಬಾಟಲಿ, ಹೊಸ ವರದಿ. ಹೀಲಿಯಂ ಇದೆ ಎಂದಾಯಿತು. ಎಷ್ಟಿದೆ ಎಂದು ತಿಳಿಯಲು ಎರಡು ಸಾವಿರದ ಒಂದರಲ್ಲಿ ಒಂದು ಭಾರೀ ಕೊರೆಯುವ ಯಂತ್ರ ಬಂತು. ತೋಟದ ರಸ್ತೆಯಲ್ಲಿ ಅದು ತಿರುಗುವಷ್ಟರಲ್ಲಿ ಒಂದು ಕಾಫಿ ಕೊಯ್ಲು ಮುಗಿದು ಇನ್ನೊಂದಕ್ಕೆ ಗಿಡ ಹೂ ಬಿಟ್ಟಿತ್ತು. ಗಿಡ್ಡಯ್ಯನ ಬಾವಿಯಿಂದ ನೂರು ಅಡಿ ದೂರದಲ್ಲಿ, ಮೀಟರು ಇಟ್ಟು ಹುಡುಕಿದ ಜಾಗದಲ್ಲಿ, ಮೋಹನ್ ಕೊರೆಸಿದರು.

"ಅಲ್ಲಿ ಬ್ಯಾಡಿ ಸ್ವಾಮಿ," ಎಂದ ಗಿಡ್ಡಯ್ಯ ಕಡ್ಡಿ ನೋಡಿಕೊಂಡು. "ಅಲ್ಲಿ ನೀರೈತೆ."

"ಮೀಟರು ಒಣ ಕಲ್ಲು ಅನ್ನುತ್ತಿದೆ."

ನಾನೂರ ಎಪ್ಪತ್ತು ಅಡಿಗೆ ನೀರು ಚಿಮ್ಮಿತು. ಮೂರಿಂಚು ನೀರು, ಸಿಲ್ವರ್ ಮರದ ತುದಿಗಿಂತ ಮೇಲೆ. ಮರದ ಮೇಲಿದ್ದ ಕೋತಿಗಳು ಆ ವರ್ಷದ ಸ್ನಾನ ಅಲ್ಲೇ ಮುಗಿಸಿದವು. ಪಂಕಜಾಕ್ಷಿ ಕೊಡ ತಂದಳು, ಹುಲಿಯಮ್ಮ ಹಂಡೆ ಉರುಳಿಸಿಕೊಂಡು ಬಂದರು, ಧರ್ಮ ನೆನೆದು ಕುಣಿದ. ಗಿಡ್ಡಯ್ಯ ಮಾತ್ರ ನಡುವೆ ತುಟಿ ಬಿಗಿದುಕೊಂಡು, ಮೂಗಿಗೆ ಟವೆಲ್ ಹಿಡಿದು ನಿಂತಿದ್ದ. ಅದು ಅವನ ಪಾಯಿಂಟಲ್ಲ. ಒಂದು ಹನಿ ಬಾಯಿಗೆ ಹೋದರೂ ನೇಮ ಕೆಡುತ್ತಿತ್ತು. ನೀರು ಅವನ ಗಲ್ಲದಿಂದ ಇಳಿದು ಅಂಗಿಯೊಳಗೆ ಹರಿಯುತ್ತಿತ್ತು. ಹಾಗೆ ನಿಂತವನನ್ನು ಕಂಡು ಮಗಳು ಕೊಡ ಕೆಳಗಿಟ್ಟು ಅತ್ತುಬಿಟ್ಟಳು.

ಆ ನೀರೂ ದಕ್ಕಲಿಲ್ಲ. ನೀರು ನುಗ್ಗಿದರೆ ಗ್ಯಾಸಿನ ಬಿರುಕುಗಳು ಮುಳುಗುತ್ತವೆ ಎಂದು ಮೂರನೇ ದಿನ ಆ ಬಾವಿಗೂ ಸಿಮೆಂಟು ಸುರಿದು ಮುಚ್ಚಿದರು. ಅಷ್ಟರಲ್ಲಿ ಕೆಳಗಿನ ಬಿರುಕುಗಳಿಗೆ ನೀರು ನುಗ್ಗಿ ಆಗಬಾರದ್ದು ಆಗಿಹೋಗಿತ್ತು. ಹೀಲಿಯಂ ತಿಂಗಳಿಂದ ತಿಂಗಳಿಗೆ ಕ್ಷೀಣಿಸಿತು, ಈ ಸಲ ಗಾಜಿನ ಬಾಟಲಿಯಲ್ಲೇ. ಮೋಹನ್ ಅವರಿಗೆ ವರ್ಗವಾಯಿತು. ಹೊರಡುವ ದಿನ ಅವರು ಹೇಳಿದ ಮಾತನ್ನು ಗಿಡ್ಡಯ್ಯ ಕೊನೆಯ ತನಕ ಹೇಳುತ್ತಿದ್ದ: "ನೀವು ನೀರು ಕೇಳಿದ ಕಡೆ ಗ್ಯಾಸು ಬಂತು, ನಾನು ಗ್ಯಾಸು ಕೇಳಿದ ಕಡೆ ನೀರು ಬಂತು. ನಾವಿಬ್ಬರೂ ಕೆಲಸ ಬದಲಾಯಿಸಿಕೊಳ್ಳಬೇಕಿತ್ತು."

ಎರಡು ಸಾವಿರದ ನಾಲ್ಕರಲ್ಲಿ ಕೊನೆಯ ಕಾಗದ ಬಂತು. ಸದರಿ ನಿಕ್ಷೇಪ ಸದ್ಯಕ್ಕೆ ಲಾಭದಾಯಕವಲ್ಲ, ವಿಷಯವನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿದೆ, ಮುಚ್ಚಳವನ್ನು ತೆಗೆಯತಕ್ಕದ್ದಲ್ಲ. ಗಿಡ್ಡಯ್ಯ ಅದನ್ನು ಮೂರು ಸಲ ಓದಿಸಿಕೊಂಡು ಕೇಳಿದ. ಬೇಡದ ಗಾಳಿಗೂ ಬೀಗವೇ ಎಂದು ಬೈದ. ಬೈದು ಬೈದು ಅವನ ದನಿ ಮೂರು ದಿನ ಬಿದ್ದುಹೋಯಿತು. ಮುಂದಿನ ಒಂದನೇ ತಾರೀಖು ಮತ್ತೆ ಬಾಟಲಿ ಹಿಡಿದು ಬಂದ. ಕಳಿಸಬೇಡ ಎಂದು ಯಾರೂ ಬರೆದಿರಲಿಲ್ಲವಲ್ಲ.

ನಲ್ಲಿ ತಿರುಗಿಸಿದ. ಗಾಳಿ ಬರಲಿಲ್ಲ. ಕೆಮ್ಮಿದ ಹಾಗೆ ಎರಡು ಸಲ ಸದ್ದಾಗಿ, ಕೆಂಪು ರಾಡಿ ಉಗುಳಿ, ಬೆರಳು ದಪ್ಪ ನೀರು ಬೀಳತೊಡಗಿತು.

ಸದ್ದು ಕೇಳಿ ಪಂಕಜಾಕ್ಷಿ ಅಡುಗೆಮನೆಯಿಂದ ಲೋಟ ಹಿಡಿದು ಓಡಿಬಂದಳು. ರಾಡಿ ಹೋಗುವ ತನಕ ಬಿಟ್ಟು, ತುಂಬಿ, ಅಪ್ಪನ ಮುಂದೆ ಹಿಡಿದಳು. ಅವನು ಕೈ ಹಿಂದೆ ಕಟ್ಟಿಕೊಂಡ.

"ಇದು ಸ್ಯಾಂಪಲ್ಲು ಕಣವ್ವ. ಸರ್ಕಾರದ್ದು."

"ಅಪ್ಪ!"

"ಮುಚ್ಚಳ ತೆಗೀದೆ ಬಂದಿದ್ದು ಲೆಕ್ಕಕ್ಕೆ ಬತ್ತದೋ ಇಲ್ವೋ. ಕೇಳಾಣ ಅಂದ್ರೆ ಕಲಿಸಿದೋನು ಸತ್ತು ಇಪ್ಪತ್ತು ವರ್ಸ ಆಯ್ತು."

ಹುಲಿಯಮ್ಮ ಕೋಲೂರಿಕೊಂಡು ಜಗಲಿಯಿಂದ ಇಳಿದು ಬಂದರು. ಏಳು ವರ್ಷದಲ್ಲಿ ಮೊದಲ ಸಲ ಅವರ ದನಿಯಲ್ಲಿ ಕೊಂಕು ಇರಲಿಲ್ಲ. "ಕಲ್ಲು ನೆಟ್ಟೋರು ನೀವೇ, ಬಂದಿರೋದು ಅದೇ ತೂತಲ್ಲಿ. ನನ್ ಸೊಸೆ ಕೈ ನೋಯ್ತಾ ಐತೆ ಬೀಗ್ರೇ. ಇಸ್ಕೊಳ್ರಿ."

ಗಿಡ್ಡಯ್ಯ ಇಸ್ಕೊಂಡ. ಕಣ್ಣು ಮುಚ್ಚಿ ಒಂದೇ ಗುಟುಕಿಗೆ ಎತ್ತಿದ. ಮುಖ ಹಿಂಡಿದ. "ಕಬ್ಬಿಣ ನೆಕ್ಕಿದಂಗೈತೆ," ಎಂದ.

ಪಂಕಜಾಕ್ಷಿ ಅದೇ ನೀರಿನಲ್ಲಿ ಕಾಫಿ ಕಾಯಿಸಿದಳು. ತೋಟದ ಪುಡಿ, ಮನೆಯ ಹಾಲು. ಆದರೆ ಕಬ್ಬಿಣದ ನೀರು ಸೇರಿ ಕಾಫಿ ಶಾಯಿಯ ಹಾಗೆ ಕಪ್ಪಾಯಿತು. ಹಾಲು ಹಾಕಿದಷ್ಟೂ ಬೂದಿಬಣ್ಣಕ್ಕೆ ತಿರುಗಿತೇ ಹೊರತು ಕಾಫಿಯ ಬಣ್ಣ ಬರಲಿಲ್ಲ. ಬೇರೆ ನೀರಲ್ಲಿ ಮಾಡಿಕೊಡುತ್ತೇನೆ ಎಂದು ಅವಳು ಲೋಟಕ್ಕೆ ಕೈ ಹಾಕಿದರೆ ಅವನು ಬಿಡಲಿಲ್ಲ. ಜಗಲಿಯಲ್ಲಲ್ಲ, ನಡುಮನೆಯಲ್ಲಿ ಚಾಪೆಯ ಮೇಲೆ ಕುಳಿತು, ಪ್ರತಿ ಗುಟುಕಿಗೂ ಬೈಯುತ್ತ ಕುಡಿದ. ಸರ್ಕಾರವನ್ನು ಬೈದ, ಹೀಲಿಯಂ ಅನ್ನು ಬೈದ, ಲಾರಿ ಟ್ಯೂಬು ಮಾರಿದ ರಾಮಯ್ಯನನ್ನು ಬೈದ. ಲೋಟ ತಳ ಕಂಡ ಮೇಲೆ ಮಗಳ ಮುಂದೆ ಚಾಚಿದ.

"ಸಕ್ಕರೆ ಕಮ್ಮಿ ಹಾಕಿದ್ದೀಯ. ಇನ್ನೊಂದು ಕೊಡು."