ಪ್ರವೇಶ ಪತ್ರದಲ್ಲಿದ್ದ ಬೆಳ್ಳಗಿನ ಹುಡುಗಿ

ಪರೀಕ್ಷೆಯ ಮೊದಲ ದಿನ, ಗಂಟೆ ಬಾರಿಸಲು ಇನ್ನು ಹತ್ತೇ ನಿಮಿಷ. ಬಾಗಿಲಲ್ಲಿ ನಿಂತಿದ್ದ ಮೇಲ್ವಿಚಾರಕಿ ಪ್ರವೇಶ ಪತ್ರವನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದರು.

"ಇದು ಯಾರಮ್ಮಾ?"

"ನಾನೇ ಮೇಡಂ."

"ಯಾರ ಕಿವಿಗೆ ಹೂ ಇಡ್ತಿದ್ದೀಯಾ? ಯಾರದೋ ಕಾರ್ಡ್ ಹಿಡ್ಕೊಂಡು ಬಂದಿದ್ದೀಯ!"

ಹುಡುಗಿ ಕಾರ್ಡನ್ನು ಸರಿಯಾಗಿ ನೋಡಿದ್ದು ಆಗಲೇ. ಅದು ಅವಳ ಕೈಗೆ ಬಂದದ್ದೇ ಅರ್ಧ ಗಂಟೆಯ ಹಿಂದೆ, ಶಾಲೆಯ ಗೇಟಿನ ಬಳಿ. ಇಡೀ ತರಗತಿಯ ಫೋಟೋ ತೆಗೆದು ಶಾಲೆಗೆ ಕಳಿಸಿದ್ದು ಅವಳ ಅಪ್ಪನ ಸ್ಟುಡಿಯೋ. ಕಾರ್ಡಿನಲ್ಲಿ ಅವಳದೇ ಮೂಗು, ಅವಳದೇ ಜಡೆ ಇಟ್ಟುಕೊಂಡು ಯಾರೋ ಬೆಳ್ಳಗಿನ ಹುಡುಗಿ ಕುಳಿತಿದ್ದಳು.

ಹಿಂದೆ ಸಾಲಿನಲ್ಲಿದ್ದವರಿಗೆ ಅಷ್ಟು ಸಾಕಾಯಿತು.

"ಇದ್ದಿಲಿಗೆ ಸೋಪು ಹಾಕಿ ತಿಕ್ಕಿದ್ದಾರೆ ಕಣೇ!"

ಮೂರು ವರ್ಷದಿಂದ ತರಗತಿಯಲ್ಲಿ ಅವಳ ಹೆಸರೇ ಇದ್ದಿಲು. ಕರೆಂಟು ಹೋದರೆ ಸಾಕು, "ಹಲ್ಲು ತೋರ್ಸೇ, ಎಲ್ಲಿದ್ದೀಯ ಗೊತ್ತಾಗ್ಲಿ" ಎನ್ನುತ್ತಿದ್ದರು. ನೋವಾಗುತ್ತಿರಲಿಲ್ಲ ಎಂದರೆ ಶುದ್ಧ ಸುಳ್ಳು. ಆದರೆ ಮನೆಯಲ್ಲಿ ಒಂದು ದಿನವೂ ಯಾರೂ ಅವಳ ಬಣ್ಣದ ಸುದ್ದಿ ಎತ್ತಿದ್ದಿಲ್ಲ. ಹೊಸ್ತಿಲು ದಾಟಿ ಒಳಗೆ ಬಂದರೆ ಅವಳು ಹಾಯಾಗಿ ಉಸಿರಾಡುತ್ತಿದ್ದಳು.

ಹೆಡ್‌ಮಾಸ್ತರರು ಫೋನ್ ಮಾಡಿದರು. ಅಪ್ಪ ಎದ್ದುಬಿದ್ದು ಓಡಿಬಂದ.

"ನನ್ನ ಮಗಳೇ ಸಾರ್. ಬಣ್ಣ ಸ್ವಲ್ಪ... ನಾನೇ ಎತ್ತಿದ್ದು."

"ಇದು ಸ್ವಲ್ಪಾನಾ?"

ಸ್ಟುಡಿಯೋದಲ್ಲಿ ಯಾರೇ ಬಂದು ಕೂತರೂ ಅಪ್ಪ ಕೇಳದೆಯೇ ಕಂಪ್ಯೂಟರಿನಲ್ಲಿ ಅವರ ಬಣ್ಣವನ್ನು ಎರಡು ಪಾಯಿಂಟ್ ಎತ್ತಿ ಬೆಳ್ಳಗೆ ಮಾಡುತ್ತಿದ್ದ. ಬೇಡ ಎಂದವರು ಈವರೆಗೆ ಯಾರೂ ಇಲ್ಲ. ಮಗಳಿಗೆ ಎಂಟು ಎತ್ತಿದ್ದ.

"ಯಾರೂ ಅವಳನ್ನ ಆಡ್ಕೋಬಾರ್ದು ಅಂತ ಸಾರ್," ಎಂದ.

ಪುಣ್ಯಾತ್ಮ! ಆಡಿಕೊಳ್ಳುವವರಿಂದ ಮಗಳನ್ನು ಉಳಿಸಲು ಹೋಗಿ ಮಗಳನ್ನೇ ಅಳಿಸಿ ಹಾಕಿದ್ದ. ಹುಡುಗಿಗೆ ಸಾಲಿನ ನಗು ಕೇಳಿಸಲೇ ಇಲ್ಲ. ಅಪ್ಪನೂ ಅವರ ಹಾಗೆಯೇ ತನ್ನನ್ನು ನೋಡುತ್ತಿದ್ದನೇ ಎಂಬುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಅರ್ಧ ಗಂಟೆ ತಡವಾಗಿ ಒಳಗೆ ಬಿಟ್ಟರು. ನಾಳೆ ಸರಿಯಾದ ಫೋಟೋ ತರದಿದ್ದರೆ ಮುಂದಿನ ಪರೀಕ್ಷೆಗೆ ಕೂರಿಸುವುದಿಲ್ಲ ಎಂದೂ ಹೇಳಿದರು. ಏನು ಬರೆದಳೋ ಅವಳಿಗೇ ಗೊತ್ತಿಲ್ಲ.

ಸಂಜೆ ಅವಳು ನೇರ ಸ್ಟುಡಿಯೋಗೆ ಹೋಗಿ ಕಂಪ್ಯೂಟರಿನಲ್ಲಿ ತನ್ನ ಹಳೆಯ ಫೋಟೋಗಳನ್ನೆಲ್ಲ ತೆರೆದಳು. ಶಾಲೆಗೆ ಸೇರಿದ ದಿನ, ಹಲ್ಲು ಬಿದ್ದ ವರ್ಷ, ತೊಟ್ಟಿಲು. ಹದಿನಾರು ವರ್ಷದಲ್ಲಿ ಒಂದನ್ನೂ ಅಪ್ಪ ಬೆಳ್ಳಗೆ ಮಾಡದೆ ಬಿಟ್ಟಿರಲಿಲ್ಲ.

"ತೊಟ್ಟಿಲಲ್ಲಿದ್ದಾಗ್ಲೂನಾ ಅಪ್ಪಾ? ಆಗ ನನ್ನನ್ನ ಯಾರು ಆಡ್ಕೋತಿದ್ರು?"

ಅಪ್ಪ ಕ್ಯಾಮೆರಾದ ಲೆನ್ಸ್ ಒರೆಸತೊಡಗಿದ.

ಅವಳು ಎದ್ದು ಹೋಗಿ ಸ್ಟೂಲಿನ ಮೇಲೆ ಕೂತಳು. "ತೆಗಿ. ನಾನು ಹೇಗಿದ್ದೀನೋ ಹಾಗೇ ಬರ್ಬೇಕು."

ಪರದೆಯ ಮೇಲೆ ಮುಖ ಬಂತು. ನೋಡಲು ಹೆದರುತ್ತಲೇ ನೋಡಿದಳು. ಕಪ್ಪು ಮುಖ, ಬೆವರಿಗೆ ಹೊಳೆಯುವ ಕೆನ್ನೆ, ಕಣ್ಣಿನಲ್ಲಿ ಕೆಂಡದಂಥ ಕೋಪ. ಈ ಹುಡುಗಿಯ ತಂಟೆಗೆ ಬರಲು ಗುಂಡಿಗೆ ಬೇಕು ಅನ್ನಿಸಿತು. ಅರೆ, ಇವಳು ತನಗೆ ಹಿಡಿಸಿದ್ದಾಳಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

ಅಪ್ಪನ ಕೈ ಅಭ್ಯಾಸಬಲದಿಂದ ಮೌಸ್ ಕಡೆ ಹೋಯಿತು. ಅವಳು ಮಣಿಕಟ್ಟು ಹಿಡಿದಳು. ಎರಡೂ ಕೈಗಳದ್ದು ಒಂದೇ ಬಣ್ಣ.

"ನಿನ್ನ ಫೋಟೋ ಎಲ್ಲಿ ಅಪ್ಪಾ?"

ಹುಡುಕಿದರು. ಇಪ್ಪತ್ತು ವರ್ಷದಲ್ಲಿ ಸಾವಿರಾರು ಜನರ ಫೋಟೋ ತೆಗೆದವನದ್ದು ಒಂದೂ ಇರಲಿಲ್ಲ.

"ಕ್ಯಾಮೆರಾ ಹಿಡಿಯೋನು ಫೋಟೋದಲ್ಲಿ ಹೇಗೆ ಬರ್ತಾನೆ ಮಗಳೇ?" ಎಂದು ನಗಲು ನೋಡಿದ.

ಅವಳು ನಗಲಿಲ್ಲ. ಅಪ್ಪನನ್ನು ಸ್ಟೂಲಿನ ಮೇಲೆ ಕೂರಿಸಿ ತಾನೇ ಕ್ಯಾಮೆರಾ ಹಿಡಿದಳು. ಅಪ್ಪ ಗಿರಾಕಿಯ ಹಾಗೆ ಅಂಗಿಯ ಗುಂಡಿ ಹಾಕಿಕೊಂಡ. ಆಮೇಲೆ ನೆಲ ನೋಡುತ್ತ, "ಲೈಟು ಸ್ವಲ್ಪ ಜಾಸ್ತಿ ಮಾಡು. ನನ್ನ ಮುಖ ಚೆನ್ನಾಗಿ ಬರಲ್ಲ," ಎಂದ.

ಅವಳ ಬೆರಳು ಅಲ್ಲೇ ನಿಂತುಬಿಟ್ಟಿತು. ಅಪ್ಪನ ಬಾಯಿಂದ ಇಂಥ ಮಾತು ಬರಬಹುದೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

"ಯಾರಪ್ಪಾ ಹಾಗಂದಿದ್ದು?"

"ನಾನು ಓದ್ತಿದ್ದಾಗ, ಶಾಲೇಲಿ," ಎಂದ ಅಪ್ಪ.

ಅವಳು ಲೈಟು ಮುಟ್ಟಲಿಲ್ಲ. "ಮುಖ ಎತ್ತು ಅಪ್ಪಾ," ಎಂದಳು.